ಬೆಂಕಿಪೆಟ್ಟಿಗೆಯ ಜಿರಳೆ

ಬಾದಾಮಿ
೯ ಫೆಬ್ರವರಿ ೨೦೨೫

ತಮ್ಮ ವಿಜಯಮಹಾಂತೇಶನಿಗೆ,

ಆಶೀರ್ವಾದ ಎಂದು ಬರೆಯಲು ಇವತ್ತು ಕೈ ಏಳಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಳಮ್ಮನ ಹೆಸರು ತೆಗೆದ ಕೂಡಲೇ ನೀನು ಕಟ್ ಮಾಡುತ್ತೀ. ಪತ್ರವನ್ನಾದರೂ ಪೂರ್ತಿ ಓದು.

ಕುಳಗೇರಿ ಕ್ರಾಸಿನಲ್ಲಿ ಬಾಳಮ್ಮ ಹದಿನೆಂಟು ವರ್ಷದಿಂದ ಖಾನಾವಳಿ ನಡೆಸುತ್ತಿದ್ದಳು. ಅದರ ಎದುರಿಗೇ ನೀನು ಖಾನಾವಳಿ ತೆರೆದಾಗ ನಾನು ಬೇಡ ಎನ್ನಲಿಲ್ಲ. ರಸ್ತೆ ಯಾರ ಸ್ವಂತದ್ದೂ ಅಲ್ಲ. ನೀನು ಫ್ಯಾನು ಹಾಕಿಸಿದೆ, ಹೆಣ್ಣುಮಕ್ಕಳಿಗೆ ಸ್ವಚ್ಛವಾದ ಪಾಯಖಾನೆ ಕಟ್ಟಿಸಿದೆ, ಟೂರಿಸ್ಟ್ ಗಾಡಿಗಳ ಡ್ರೈವರುಗಳಿಗೆ ಪುಕ್ಕಟೆ ಊಟ ಹಾಕಿದೆ. ಅದೆಲ್ಲ ವ್ಯಾಪಾರ. ನಿನ್ನ ಎಣ್ಣೆಗಾಯಿ ಬಾಳಮ್ಮನದಕ್ಕಿಂತ ಒಂದು ಕೈ ಮೇಲೆಂದು ಅವಳ ಎದುರಿಗೇ ಹೇಳಬಲ್ಲೆ. ಸುಮ್ಮನೆ ನಿನ್ನ ಒಲೆ ನೋಡಿಕೊಂಡಿದ್ದರೂ ಗೆಲ್ಲುತ್ತಿದ್ದೆ. ಅದೇ ನನ್ನ ಹೊಟ್ಟೆ ಉರಿಸುವುದು.

ದಸರೆ ರಜೆಯಲ್ಲಿ ಆ ವಿಡಿಯೋ ಬಂತು. ಬಾಳಮ್ಮನ ತಾಟು, ಬದನೆಕಾಯಿ ಪಲ್ಯ, ಅದರ ನಡುವೆ ಜಿರಳೆ. ಡ್ರೈವರುಗಳ ಗ್ರೂಪಿನಿಂದ ಗ್ರೂಪಿಗೆ ಹಾರಿ ಎರಡೇ ದಿನದಲ್ಲಿ ಹುಬ್ಬಳ್ಳಿಯವರೆಗೂ ಮುಟ್ಟಿತು. ಅಧಿಕಾರಿಗಳು ಬಂದು ಅಡಿಗೆಮನೆಯ ಮೂಲೆಮೂಲೆ ನೋಡಿದರು, ಏನೂ ಸಿಗಲಿಲ್ಲ. ಸಿಗಲಿಲ್ಲ ಎಂಬ ಸುದ್ದಿ ಯಾವ ಗ್ರೂಪಿಗೂ ಹೋಗಲಿಲ್ಲ. ಬಾಳಮ್ಮ ಖಾನಾವಳಿಯ ಬಾಗಿಲು ಹಾಕಿದಳು, ಅವಳಲ್ಲಿ ಕೆಲಸಕ್ಕಿದ್ದ ನಾಲ್ಕು ಹೆಣ್ಣುಮಕ್ಕಳು ಕೆಲಸವಿಲ್ಲದೆ ಮನೆಗೆ ಹೋದರು.

ಕಳೆದ ಸೋಮವಾರ, ನಿನ್ನಲ್ಲಿ ಉಣ್ಣುವ ಟೂರಿಸ್ಟ್ ಗಾಡಿಯ ಡ್ರೈವರ್ ಅಫ್ಸರ ನನ್ನ ಮನೆಗೆ ಬಂದು, ಕುರ್ಚಿ ಕೊಟ್ಟರೂ ಕೂಡದೆ ಬಾಗಿಲಲ್ಲೇ ನಿಂತು ಹೇಳಿದ: "ಅಕ್ಕಾರ, ಆ ಜಿರಳಿ ಅವರ ಪಲ್ಯಾದಾಗ ಇದ್ದಿದ್ದಲ್ರಿ. ನಾನ ಬೆಂಕಿಪೆಟ್ಟಿಗ್ಯಾಗ ಹಾಕ್ಕೊಂಡು ಒಯ್ದಿದ್ದೆ. ನಿಮ್ಮ ತಮ್ಮಾರು ಹೇಳಿದ್ರು, ಮಾಡಿದೆ. ಮನ್ಯಾಗ ಉಣ್ಣಾಕ ಕುಂತ್ರ ತುತ್ತು ಇಳಿಯಂಗಿಲ್ರಿ."

ಅದನ್ನು ನಿನ್ನ ಎದುರಿಗೇ ನಿಂತು ಕೇಳಿದೆ. ನೀನು ಇಲ್ಲ ಎಂದು ಸುಳ್ಳಾದರೂ ಹೇಳುತ್ತೀ ಅಂದುಕೊಂಡಿದ್ದೆ. ನೀನು ನಕ್ಕೆ. "ಅಕ್ಕಾ, ವ್ಯಾಪಾರ ಅಂದ್ರ ಯುದ್ಧ. ಕನಿಕರ ಇಟ್ಕೊಂಡು ಕುಂತ್ರ ಆಗಂಗಿಲ್ಲ. ನಾ ತುಳೀಲಿಲ್ಲಂದ್ರ ನನ್ನ ತುಳೀತಾರ," ಎಂದೆ. ಯಾರು ತುಳಿಯುತ್ತಿದ್ದರೋ? ನೀನು ಅಂಗಡಿ ತೆರೆದ ದಿನ ಗ್ಯಾಸ್ ಮುಗಿದಾಗ ತನ್ನ ಸಿಲಿಂಡರು ಕಳಿಸಿದ ಬಾಳಮ್ಮನೇ? ಯುದ್ಧ ಮಾಡುವವರು ಎದುರಿಗೆ ನಿಲ್ಲುತ್ತಾರಪ್ಪಾ. ಕಿಸೆಯಲ್ಲಿ ಜಿರಳೆ ಇಟ್ಟು ಇನ್ನೊಬ್ಬರನ್ನು ಕಳಿಸುವುದಕ್ಕೆ ಬೇರೆ ಹೆಸರಿದೆ. ಅದನ್ನು ಅಕ್ಕನ ಬಾಯಿಂದ ಹೇಳಿಸಬೇಡ.

ನೀನು ಗೆದ್ದಿದ್ದು ಖರೆ. ಭಾನುವಾರ ನಿನ್ನಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಇಷ್ಟು ಕಠಿಣನಾಗಿದ್ದಕ್ಕೇ ಮೇಲೆ ಬಂದ ಎಂದು ಜನ ಹೊಗಳುತ್ತಾರೆ. ನಿನ್ನ ಕೈರುಚಿಯನ್ನು ನೀನೇ ನಂಬಲಿಲ್ಲ ಎಂಬುದು ಅವರಿಗೇನು ಗೊತ್ತು?

ನಿನ್ನೆ ಅಫ್ಸರನನ್ನು ಕರೆದುಕೊಂಡು ನಾನೇ ಬಾಳಮ್ಮನಲ್ಲಿಗೆ ಹೋದೆ. ಅವನು ಎಲ್ಲವನ್ನೂ ಹೇಳಿದ. ಅವಳು ನನ್ನ ಕಡೆ ತಿರುಗಿ, "ಮಂದಿ ಅವನ ಕಡೆ ಉಣ್ಣಲಿ, ಅದಕ್ಕ ನನಗ ಸಿಟ್ಟಿಲ್ಲ. ನಾ ಹೊಲಸ ಉಣಿಸಿದೆ ಅಂದ್ರಲ್ಲ, ಅದನ್ನ ಹೆಂಗ ತಡ್ಕೊಳ್ಳಲಿ ಗುರುಸಿದ್ದವ್ವ?" ಎಂದಳು. ಆಮೇಲೆ ಅಫ್ಸರನಿಗೆ, "ನನ್ನ ಮುಂದ ಹೇಳಿದ್ರ ಏನ ಬಂತು? ಆ ಗ್ರೂಪಿನ್ಯಾಗ ಹೇಳು," ಎಂದಳು.

ಅವನು ಅಲ್ಲೇ ಫೋನು ಹಿಡಿದು ಹೇಳಿದ. ನಿನ್ನ ಹೆಸರು ಬರುವ ಹೊತ್ತಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಈ ಪತ್ರ ಮುಟ್ಟುವ ಮೊದಲೇ ಅದನ್ನು ನೀನು ಕೇಳಿರುತ್ತೀ. ಅಕ್ಕನೇ ಮುಳುಗಿಸಿದಳು ಎನ್ನುತ್ತೀ. ಅನ್ನು.

ಆದರೆ ಹಾಡಹಗಲು, ನಿನ್ನ ಗಿರಾಕಿಗಳೆಲ್ಲ ನೋಡುವಾಗ, ರಸ್ತೆ ದಾಟಿ ಬಾಳಮ್ಮನ ಮುಂದೆ ನಿಂತು ತಪ್ಪಾಯಿತು ಎನ್ನು. ಅಲ್ಲಿಯವರೆಗೆ ನನ್ನ ಹೊಸ್ತಿಲು ತುಳಿಯಬೇಡ.

ನಿನ್ನ ಅಕ್ಕ,
ಗುರುಸಿದ್ದವ್ವ

ತಾ.ಕ.: ಅಫ್ಸರ ಕಳೆದ ಸೋಮವಾರ ಹೇಳಿದನೆಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಅವನು ಹೇಳಿದ್ದು ದೀಪಾವಳಿ ಪಾಡ್ಯದ ದಿನ. ಸೋಮವಾರ ಬಂದಿದ್ದು, "ಅಕ್ಕಾರ, ನೀವೂ ಸುಮ್ಮನಾದ್ರಲ್ರಿ?" ಎಂದು ಕೇಳಲು. ಬಾಳಮ್ಮನ ಒಲೆ ಆರಿದ ಮೇಲೆ ನೀನು ನನ್ನಿಂದ ತರಿಸುವ ರೊಟ್ಟಿ ಎರಡು ಪಟ್ಟಾಗಿತ್ತು. ರೊಟ್ಟಿ ಬಡಿಯಲು ಓಣಿಯ ಶಿವಗಂಗಾ, ದುರ್ಗವ್ವ ಇಬ್ಬರನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದೆ. ಓಣಿಯವರು ನನ್ನನ್ನೂ ಮಾಲಕಿ ಎನ್ನತೊಡಗಿದ್ದರು. ಮೂರು ತಿಂಗಳು ಬಾಯಿ ಬಿಡಲಿಲ್ಲ. ನಿನ್ನೆ ಬಾಳಮ್ಮನ ಮುಂದೆ ಎಲ್ಲ ಹೇಳಿಸಿದೆ, ಇದೊಂದನ್ನು ಬಿಟ್ಟು. ನಾಳೆ ಮೊದಲ ಬಸ್ಸಿಗೆ ಕುಳಗೇರಿಗೆ ಹೊರಟಿದ್ದೇನೆ.