ಎದುರು ಕುರ್ಚಿಯ ಮಗಳು

ಶನಿವಾರ, ಬೆಳಿಗ್ಗೆ ಒಂಬತ್ತೂವರೆ

ಪುಟ್ಟಿಯ ಅಪ್ಪನಿಗೆ,

ಕ್ಷೇಮ ವಿಚಾರಿಸುವಷ್ಟು ವ್ಯವಧಾನವಿಲ್ಲ. ಪಕ್ಕದ ಕೋಣೆಯಲ್ಲಿ ನಿಮ್ಮ ಮಗಳು ಸೂಟ್‌ಕೇಸಿಗೆ ಬಟ್ಟೆ ತುರುಕುತ್ತಿದ್ದಾಳೆ. ಹನ್ನೊಂದರ ಬಸ್ಸಿಗೆ ಹೊರಟು ನಿಮ್ಮಲ್ಲಿಗೆ ಬರುತ್ತಾಳೆ. ಎರಡು ದಿನಕ್ಕಲ್ಲ, ಇರುವುದಕ್ಕೇ. ನಾನೇಕೆ ತಡೆಯಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ಗುರುವಾರ ನಾಲ್ಕು ಗಂಟೆಗೆ ಯಾರೋ ಹೊಸಬರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಸಮಯ ತೆಗೆದುಕೊಂಡಿದ್ದರು. ಬಾಗಿಲು ತಳ್ಳಿ ಬಂದವಳು ಪುಟ್ಟಿ, ಕಾಲೇಜಿನ ಚೀಲ ಸಮೇತ. ಎದುರು ಕುರ್ಚಿಯಲ್ಲಿ ಕೂತು, ಮನೆಯಲ್ಲಂತೂ ನಿನಗೆ ಪುರುಸೊತ್ತಿಲ್ಲ, ಇಲ್ಲಾದರೂ ಐವತ್ತು ನಿಮಿಷ ಸಿಗುತ್ತದಲ್ಲ ಎಂದಳು. ಮನೆಯವರನ್ನು ಆ ಕುರ್ಚಿಯಲ್ಲಿ ಕೂರಿಸಬಾರದು, ಅದು ನಮ್ಮ ವೃತ್ತಿಯ ಮೊದಲ ಪಾಠ. ಎಬ್ಬಿಸಿ ಕಾಫಿಗೆ ಕರೆದುಕೊಂಡು ಹೋಗಬೇಕಿತ್ತು. ಬುದ್ಧಿ ಎಲ್ಲಿಟ್ಟಿದ್ದೆನೋ, ಕೂರಿಸಿಕೊಂಡೆ.

ಅಪ್ಪನ ಹತ್ತಿರ ಹೋಗಿಬಿಡಲಾ ಎಂದು ಕೇಳಿದಳು. ಬೇಡ ಎನ್ನಬೇಕೆನಿಸಿತು. ಬಾಯಿ ಮಾತ್ರ ಇಪ್ಪತ್ತು ವರ್ಷದ ಅಭ್ಯಾಸದಂತೆ, ನಿನಗೆ ಹೋಗಬೇಕು ಅನ್ನಿಸುತ್ತಿದೆ ಎಂದಿತು. ನನ್ನ ಪದ್ಧತಿ ನಿಮಗೆ ಗೊತ್ತಲ್ಲ. ಬಂದವರಿಗೆ ಬುದ್ಧಿ ಹೇಳುವುದಿಲ್ಲ, ಅವರನ್ನು ಅಳೆಯುವುದಿಲ್ಲ. ಅವರ ದಾರಿ ಅವರೊಳಗೇ ಇದೆ ಎಂದು ನಂಬಿ, ಅವರ ಮಾತನ್ನೇ ಅವರಿಗೆ ಕೇಳಿಸುತ್ತೇನೆ. ಅಷ್ಟರಿಂದಲೇ ಎಷ್ಟೋ ಜನ ಎದ್ದು ನಿಂತಿದ್ದಾರೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ನೀವು ಮನೆ ಬಿಟ್ಟ ದಿನ, ಒಂದು ಸಲವಾದರೂ ನನ್ನ ಜೊತೆ ಜಗಳವಾಡು ಎಂದು ಗೋಗರೆದಿರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಎಂದೆ. ನೀವು ಬಾಗಿಲು ಬಡಿದು ಹೋದಿರಿ.

ಪುಟ್ಟಿ ಬಾಗಿಲು ಬಡಿಯಲಿಲ್ಲ. ಗಡಿಯಾರ ಅವಳ ಬೆನ್ನ ಹಿಂದಿನ ಗೋಡೆಯಲ್ಲಿದೆ. ನಲವತ್ತೈದನೇ ನಿಮಿಷಕ್ಕೆ ನಾನು ಅದರ ಕಡೆ ಕಣ್ಣು ಹಾಯಿಸಿದ್ದು ಅವಳಿಗೆ ತಿಳಿದುಹೋಯಿತು.

"ಅಮ್ಮಾ, ನಿಂಗೇನನ್ಸತ್ತೆ ಅಂತ ಕೇಳ್ತಿದೀನಿ. ಹೋಗು ಅನ್ನು, ಇಲ್ಲಾ ಬೇಡ ಅನ್ನು. ಒಂದ್ಸಲ ಹೇಳು, ಸಾಕು."

ನಾನು ಹೇಳಿದ್ದೇನು ಗೊತ್ತೇ?

"ನಾನು ಹೇಳ್ಲಿ ಅಂತ ನಿಂಗೆ ತುಂಬಾ ಅನ್ನಿಸ್ತಿದೆ."

ಚೀಲ ಎತ್ತಿಕೊಂಡು, ಥ್ಯಾಂಕ್ಸ್ ಮೇಡಂ ಎಂದು ಹೋದಳು. ಮೇಡಂ ಅಂತೆ.

ಇವತ್ತು ಬೆಳಿಗ್ಗೆಯಿಂದ ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ. ಬಾಯಿ ತೆರೆದರೆ ಮತ್ತೆ ಅದೇ ಮಾತು ಬಂದೀತೆಂದು ಹೆದರಿಕೆ. ಇರಲಿ, ಅವಳ ನಿರ್ಧಾರ ಅವಳದು, ಅದನ್ನು ಗೌರವಿಸುತ್ತೇನೆ. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗುತ್ತಾಳೆ, ತೆಗೆದಿಡಿ. ನಾನು ಚೆನ್ನಾಗಿದ್ದೇನೆ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಚೆನ್ನಾಗಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಲಕೋಟೆ ಅಂಟಿಸದೆ. ಕಂಡವರ ಕಾಗದ ಓದುವ ಚಾಳಿ ಅವಳಿಗೆ ನಿಮ್ಮಿಂದಲೇ ಬಂದದ್ದು, ಬಸ್ಸು ಊರು ದಾಟುವ ಮೊದಲೇ ಓದಿರುತ್ತಾಳೆ. ಆದ್ದರಿಂದ ಮುಂದಿನದು ನಿಮಗಲ್ಲ. ಪುಟ್ಟೀ, ಬೇಡ. ಹೋಗಬೇಡ. ನಿನಗೇನನ್ನಿಸುತ್ತದೆ ಎಂದು ಆಮೇಲೆ ಕೇಳುತ್ತೇನೆ, ಈಗ ನನಗೆ ನೀನು ಬೇಕು. ಮೊದಲ ನಿಲ್ದಾಣದಲ್ಲೇ ಇಳಿದುಬಿಡು. ನಿನ್ನ ಹಿಂದೆಯೇ ಬರುವ ಬಸ್ಸಿನಲ್ಲಿ ನಾನಿದ್ದೇನೆ, ಜಗಳವಾಡಲು ಬರುತ್ತಿದ್ದೇನೆ.