ಖಾಲಿ ಮನೆಗೆ ಅಂಟಿಸಿದ ಚೀಟಿ

ಗುರುವಾರ, ಮಾರ್ಚ್ ೧೪

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಗುತ್ತಿದ್ದವನು ನಾನು. ಈ ಸಲ ಕುಲಾವಿಗೆ ಅಳತೆ ಕೊಟ್ಟವನೂ ನಾನೇ.

ಕಾಗದಕ್ಕಿಂತ ತೆಳುವಾದ ಲೋಹದ ತಗಡಿಗೆ ಆರು ವರ್ಷ ಅಯಾನುಗಳನ್ನು ಹೊಡೆದ ಮೇಲೆ, ಹೋದ ತಿಂಗಳು ಅತಿಭಾರದ ಹೊಸ ಮೂಲವಸ್ತುವಿನ ಒಂದೇ ಒಂದು ಪರಮಾಣು ಕಂಡಿತ್ತು. ಕಣ್ಣು ಮಿಟುಕಿಸುವುದರೊಳಗೆ ಒಡೆದುಹೋಗಿತ್ತು. ಇನ್ನೊಂದು ಪ್ರಯೋಗಾಲಯವೂ ಕಂಡು ಒಪ್ಪುವವರೆಗೆ ಅಂಥದ್ದಕ್ಕೆ ಹೆಸರಿಲ್ಲ, ಕೈದಿಯ ಹಾಗೆ ಬರೀ ನಂಬರು. ಆದರೂ ಪ್ರಯೋಗಾಲಯದ ಮುಖ್ಯಸ್ಥೆ ನಮ್ಮ ಮೇಡಂ, ತಮ್ಮ ಕೋಣೆಯ ಗೋಡೆಯ ಮೂಲವಸ್ತುಗಳ ಕೋಷ್ಟಕದ ಖಾಲಿ ಮನೆಗೆ ತಮ್ಮೂರ ಹೊಳೆಯ ಹೆಸರು ಬರೆದ ಚೀಟಿ ಅಂಟಿಸಿದ್ದರು. ನಾಳೆ ಪ್ರಬಂಧ ಕಳಿಸಬೇಕಿತ್ತು.

ಮಧ್ಯಾಹ್ನ ದಾಖಲೆಗಳನ್ನು ಮತ್ತೆ ನೋಡಿದೆ. ತಗಡಿನಲ್ಲಿ ಚೂರು ಸೀಸ ಬೆರೆತಿತ್ತು. ಹೊಸ ಪರಮಾಣು ಒಡೆದದ್ದೆಂದು ನಾವು ನಂಬಿದ್ದ ಕಿಡಿ ಅದರದ್ದು. ಅತಿಭಾರ ಅನ್ನುವುದರ ಅರ್ಥ ಮೇಡಂ ಕೋಣೆಗೆ ಮೆಟ್ಟಿಲು ಹತ್ತುವಾಗ ತಿಳಿಯಿತು.

"ಮೇಡಂ, ಅದು ಸೀಸ."

ಅವರು ಹಾಳೆಯನ್ನು ಎರಡು ಸಲ ಓದಿದರು. "ಹೇಳ್ದೇ ಇರಬಹುದಿತ್ತಲ್ಲಯ್ಯಾ."

"ಆಮೇಲೆ ಬೇರೆಯವರು ಹೇಳೋರು."

"ಅವರು ನಿನ್ನಷ್ಟು ಮುಖ ಸಪ್ಪೆ ಮಾಡ್ಕೊಂಡು ಹೇಳ್ತಿರ್ಲಿಲ್ಲ, ಬಿಡು." ಚೀಟಿಯನ್ನು ಮೆಲ್ಲಗೆ ಬಿಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. "ನಾಳೆ ಹೊಸ ತಗಡು ಹಾಕು."

ಹುಟ್ಟಿಯೇ ಇರದ ಒಂದು ಪರಮಾಣುವಿಗಾಗಿ ನಿದ್ದೆ ಕೆಟ್ಟಿದೆ. ಎಲ್ಲೋ ಎರಡು ನಕ್ಷತ್ರಗಳು ಡಿಕ್ಕಿ ಹೊಡೆದಾಗ ಅಂಥದ್ದು ನಿಜವಾಗಿಯೂ ಹುಟ್ಟುತ್ತಿರಬಹುದು. ಅಲ್ಲಿ ಸೀಸ ಹುಡುಕಿ ಚಾಡಿ ಹೇಳುವ ನನ್ನಂಥವನಿಲ್ಲ, ಹೆಸರು ಹಿಡಿದು ಕಾಯುವ ಮೇಡಂ ಕೂಡ ಇಲ್ಲ. ಹುಟ್ಟಿ, ಒಂದು ಗಳಿಗೆ ಸುಮ್ಮನೆ ಹೊಳೆದು, ಯಾರೂ ಹೆಸರಿಟ್ಟು ಕರೆಯುವ ಮೊದಲೇ—