ಹೊಸ್ತಿಲಲ್ಲಿ ಮರೆತ ಒಡಪು

ರಾಯದುರ್ಗ
೧೭ ಫೆಬ್ರವರಿ ೧೯೪೬, ಭಾನುವಾರ

ಹಗರಿ ಮಾಮ ಎಂಬ ಹೆಸರಿನಲ್ಲಿ ಮದರಾಸಿನ ರೇಡಿಯೋದಲ್ಲಿ ನಗಿಸುವವರಿಗೆ ಅನ್ನದಾನಮ್ಮನ ಶರಣು.

‘ರಾಯದುರ್ಗದ ಕೋಟೆಗೆ ಸುತ್ತಿಗೊಂದು ಬಾಗಿಲು.’ ಒಡಪಿನ ಮೊದಲ ಸಾಲು ನನ್ನದು, ಅದರಲ್ಲಿ ಅನುಮಾನವಿಲ್ಲ. ಎರಡನೆಯದು ‘ತಿಪ್ಪಯ್ಯ ಬರೋತನಕ ಹಾಕಂಗಿಲ್ಲ ಬಾಗಿಲು’ ಎಂದಿತ್ತೋ, ‘ತಿಪ್ಪಯ್ಯ ಬಂದಮ್ಯಾಲೆ ಹಾಕ್ತೀನಿ ಬಾಗಿಲು’ ಎಂದಿತ್ತೋ? ನಿನ್ನೆ ಸಂಜೆಯಿಂದ ಎರಡನ್ನೂ ಹೇಳಿ ನೋಡುತ್ತಿದ್ದೇನೆ. ಒಂದರಲ್ಲಿ ಹೆಂಡತಿ ಕಾಯುತ್ತಿದ್ದಾಳೆ, ಇನ್ನೊಂದರಲ್ಲಿ ಗಂಡ ಒಳಗಿದ್ದಾನೆ. ಆ ಸಾಲು ಕದದ ಹಿಂದಿನಿಂದ ನೀವು ಪಿಸುಗುಟ್ಟಿದ್ದು. ಆದ್ದರಿಂದ ನಿಮ್ಮನ್ನೇ ಕೇಳಬೇಕಾಗಿದೆ.

ನೀವು ಬದುಕಿದ್ದೀರಿ. ಈ ಎರಡು ಪದ ಬರೆಯಲು ಬೆಳಗಿನಿಂದ ಕೂತಿದ್ದೇನೆ.

ಪಕ್ಕದ ಮನೆಯ ಚೌಡಕ್ಕ ಎಷ್ಟೋ ವಾರದಿಂದ ಕರೆಯುತ್ತಿದ್ದಳು. ಪುರಸಭೆಯವರು ಬೇವಿನ ಮರಕ್ಕೆ ರೇಡಿಯೋದ ದನಿ ಬರುವ ಕೊಳವೆ ಕಟ್ಟಿಸಿದ ಮೇಲೆ ಶನಿವಾರ ಸಂಜೆ ಪೇಟೆಯೆಲ್ಲ ಅಲ್ಲೇ ಇರುತ್ತದೆ. ನಾನು ಹೋಗುತ್ತಿರಲಿಲ್ಲ. ಬಳೆಯಿಲ್ಲದ ಬರಿಗೈಯ ಹೆಂಗಸು ಬೀದಿಯಲ್ಲಿ ನಿಂತು ನಕ್ಕರೆ ನಾಳೆ ಶಾಲೆಯ ಮಕ್ಕಳ ಮುಂದೆ ಹೇಗೆ ನಿಲ್ಲುವುದು ಎಂಬ ಅಳುಕು. ನಿನ್ನೆ ಚೌಡಕ್ಕ ಕೈ ಹಿಡಿದೇ ಎಳೆದಳು. “ಬರ್ರಿ ಟೀಚರಮ್ಮ, ಹಗರಿ ಮಾಮ ಬರ್ತಾನ. ನಗಾಕ ಏನು ಸರ್ಕಾರಕ್ಕ ಅರ್ಜಿ ಹಾಕ್ಬೇಕೇನ್ರಿ?” ಎಂದಳು. ಹೋದೆ.

ಮುದುಕನ ಒಡಕು ದನಿ. ಅದು ನಿಮ್ಮ ದನಿಯೆಂದು ನನಗೆ ತಿಳಿಯಲಿಲ್ಲ. ಅಕ್ಷರ ಕಲಿತ ಒಬ್ಬ ಮದುಮಗಳ ಕಥೆ ಹೇಳತೊಡಗಿದಿರಿ. ಗಂಡನ ಹೆಸರು ಒಡಪಿನಲ್ಲಿ ಹೇಳದೆ ಹೊಸ್ತಿಲು ದಾಟುವಂತಿಲ್ಲ ಎಂದು ಗಂಡಿನ ಸೋದರತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಹುಡುಗಿ ಒಡಪನ್ನು ಮುಂಚೆಯೇ ಅಂಗೈಯಲ್ಲಿ ಶಾಯಿಯಿಂದ ಬರೆದುಕೊಂಡು ಬಂದಿದ್ದಾಳೆ. ಬೆವರಿಗೆ ಎರಡನೆಯ ಸಾಲು ಅಳಿಸಿಹೋಗಿದೆ. “ಅಕ್ಷರಸ್ಥ ಸೊಸಿ ಬೇಕಂದ್ರಲ್ಲ, ತಗೋರಿ, ಕೈಯಾಗಿನ ಅಕ್ಷರ ಸೆರಗಿನಾಗ ಹೋದ್ವು!” ಎಂದಿರಿ. ಜನ ಹೋ ಎಂದರು. ನಾನೂ ನಕ್ಕೆ. ಬಾಯಿಗೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಎಂಥ ಪೆದ್ದಿ, ನನ್ನ ಹಾಗೇ, ಎಂದುಕೊಂಡೆ.

ಆಗ ಕಥೆಯ ಗಂಡ ಕದದ ಹಿಂದಿನಿಂದ ಮರೆತ ಸಾಲನ್ನು ಪಿಸುಗುಟ್ಟಿದ.

ಜನರ ನಗುವಿನಲ್ಲಿ ಸಾಲು ಮುಳುಗಿತು, ಪಿಸುಗುಟ್ಟಿದ್ದು ಮಾತ್ರ ಕೇಳಿತು. ನಮ್ಮ ಮದುವೆಯಲ್ಲಿ ನಿಮ್ಮ ಸೋದರತ್ತೆ ಜುಂಜಮ್ಮ ಬಾಗಿಲಲ್ಲಿ ನಿಂತದ್ದು ಊರಿಗೆಲ್ಲ ಗೊತ್ತು. ಅಂಗೈ ಶಾಯಿಯನ್ನೂ ಯಾರಾದರೂ ಕಂಡಿರಬಹುದು. ಆದರೆ ಒಳಗಿನಿಂದ ಹೇಳಿಕೊಟ್ಟದ್ದನ್ನು ನಾವಿಬ್ಬರೂ ಯಾರಿಗೂ ಹೇಳಿರಲಿಲ್ಲ. ನೀವು ಸತ್ತ ಮೇಲೆ ಅದು ನನಗೊಬ್ಬಳಿಗೇ ಉಳಿದಿತ್ತು.

ಆಮೇಲೆ ಆ ಸದ್ದು. ಕಂಪನಿಯ ನಾಟಕದಲ್ಲಿ ಸೀನು ಬದಲಾಗುವಾಗ ಪರದೆಯ ಮುಂದೆ ಒಬ್ಬರೇ ನಿಂತು ಜನರನ್ನು ಹಿಡಿದಿಡುವುದು ನಿಮ್ಮ ಪಾಲಿನ ಕೆಲಸ. ಹಿಂದೆ ಸಿಂಹಾಸನ ಎಳೆದು ಮುಗಿಯಿತೇ ಎಂದು ಕೇಳಲು ಹಿಮ್ಮಡಿಯಿಂದ ಹಲಗೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದಿರಿ. ಒಳಗಿನಿಂದ ಅವರು ತಿರುಗಿ ತಟ್ಟಿದರೆ ನಿಮ್ಮ ಮಾತು ಮುಗಿಯುತ್ತಿತ್ತು. ನಿನ್ನೆಯೂ ತಟ್ಟಿದಿರಿ. ಅಲ್ಲಿ ನಿಮ್ಮ ಹಿಂದೆ ಯಾವ ಪರದೆ ಇದೆ? ಯಾರು ತಿರುಗಿ ತಟ್ಟಬೇಕು?

ಬೇವಿನ ಬೊಡ್ಡೆಗೆ ಒರಗಿದೆ. ಚೌಡಕ್ಕ “ನಕ್ಕು ನಕ್ಕು ತಲಿ ತಿರುಗ್ತೇನ್ರಿ?” ಎಂದು ಹಿಡಿದುಕೊಂಡಳು. ಹೌದೆಂದೆ.

ನಿಮ್ಮ ಸಾವಿನ ಸುದ್ದಿ ತಂದವರು ಕಂಪನಿಯ ಮುದ್ದಪ್ಪನವರು. ಮಡಕಶಿರಾದಲ್ಲಿ ಡೇರೆ ಹಾಕಿದಾಗ ಕಾಲರಾ ಬಂತು, ಅಗಳಿ ಹಾದಿಯಲ್ಲಿ ಮಣ್ಣು ಮಾಡಿದೆವು ಎಂದು ಕೈ ಜೋಡಿಸಿ, ತಲೆ ತಗ್ಗಿಸಿ ಹೇಳಿದರು. ಎಲ್ಲ ನಾಟಕಗಳಲ್ಲೂ ಅವರದು ಚಾರನ ಪಾತ್ರವೇ ಅಲ್ಲವೇ? ರಾಣಿಯರಿಗೆ ಅವರು ಹೀಗೇ ಸುದ್ದಿ ತಂದದ್ದನ್ನು ಮುಂದಿನ ಸಾಲಿನಲ್ಲಿ ಕೂತು ಎಷ್ಟು ಸಲ ನೋಡಿದ್ದೆ! ಅದಕ್ಕೇ ನಂಬಿದೆನೇನೋ. ನಾಟಕದಲ್ಲಿ ಚಾರ ಸುಳ್ಳು ಹೇಳುವುದಿಲ್ಲ.

ಜುಂಜಮ್ಮನೇ ಬಳೆ ಒಡೆದರು. ಒಂದು ಚೂರು ನನ್ನ ಮಣಿಕಟ್ಟಿಗೆ ನಟ್ಟಿತು. ಅದರ ಗುರುತು ಈಗಲೂ ಇದೆ. ಅವರು ಸಾಯುವತನಕ “ನನ್ನ ಕೂಸಿನ ಮಾರಿ ನಾ ನೋಡಲಿಲ್ಲ” ಎನ್ನುತ್ತಿದ್ದರು. ಎಳವೆಯಲ್ಲೇ ತಾಯಿಯಿಲ್ಲದ ನಿಮ್ಮನ್ನು ಸಾಕಿದವರು. ರೇಡಿಯೋದಲ್ಲಿ ಅವರನ್ನು ‘ಬಾಗಲದಾಗಿನ ಬಂಡೆ’ ಎಂದಿರಿ.

ಪ್ರತಿ ವರ್ಷ ಅಗಳಿಗೆ ಹೋಗುತ್ತೇನೆ. ಮುದ್ದಪ್ಪನವರು ತೋರಿಸಿದ ಹೊಂಗೆ ಮರದ ಕೆಳಗಿನ ಗುಡ್ಡೆಗೆ ವಿಭೂತಿ ಹಚ್ಚಿ, ಹೂವಿಟ್ಟು, ಆ ವರ್ಷ ಓದಿದ ಪದ್ಯಗಳಲ್ಲಿ ಮನಸ್ಸಿಗೆ ಹಿಡಿದದ್ದನ್ನು ಹೇಳಿ ಬರುತ್ತೇನೆ. ಹೊಲದವರು ಆ ಗುಡ್ಡೆಯನ್ನು ಬಿಟ್ಟು ನೇಗಿಲು ತಿರುಗಿಸುತ್ತಾರೆ. ಹಾಗಾದರೆ ಅಲ್ಲಿ ಮಲಗಿರುವುದು ಯಾರು? ನಾನು ಯಾರಿಗೆ ಪದ್ಯ ಹೇಳುತ್ತಿದ್ದೆ? ಅಲ್ಲಿ ಯಾರೂ ಇಲ್ಲವೇ?

ಯಾಕೆ ಹೋದಿರಿ ಎಂದು ಕೇಳುವುದಿಲ್ಲ. ಹೆಂಡತಿ ಬೇಡವಾದರೆ ಬೇಡವೆನ್ನಬಹುದಿತ್ತು. ಗಂಡ ಬಿಟ್ಟವಳು ಎನಿಸಿಕೊಂಡಾದರೂ ಇರುತ್ತಿದ್ದೆ, ಬಳೆ ಕೈಯಲ್ಲಿರುತ್ತಿದ್ದವು. ಸತ್ತು ಹೋದಿರಿ. ಸತ್ತವರ ಮೇಲೆ ಸಿಟ್ಟು ಮಾಡಲೂ ಬರುವುದಿಲ್ಲ.

ಈಗ ನನಗೆ ಬೇಕಾದ್ದು ಒಂದೇ. ಬನ್ನಿ ಎನ್ನುವುದಿಲ್ಲ, ಬರಬೇಡಿ ಎಂದೂ ಅಲ್ಲ. ಮುಂದಿನ ಶನಿವಾರ ಅದೇ ರೇಡಿಯೋದಲ್ಲಿ, ಮುದುಕನ ದನಿ ಬಿಟ್ಟು ನಿಮ್ಮ ದನಿಯಲ್ಲಿ, ರಾಯದುರ್ಗದ ತಿಪ್ಪಯ್ಯ ಸತ್ತಿಲ್ಲ ಎಂದು ಹೇಳಿ. ನನ್ನ ಕೈ ಬರಿದಿರಬೇಕೋ ಬೇಡವೋ ಎಂಬುದನ್ನು ಆಮೇಲೆ ನಾನೇ ನಿರ್ಧರಿಸುತ್ತೇನೆ. ಮುದ್ದಪ್ಪನವರೂ ಅಲ್ಲ, ನೀವೂ ಅಲ್ಲ.

ನೀವು ಹೇಳದಿದ್ದರೆ ಬೇವಿನ ಮರದ ಕೆಳಗೆ ನಿಂತು ನಾನೇ ಹೇಳುತ್ತೇನೆ. ಒಡಪಿಲ್ಲದೆ, ನಿಮ್ಮ ಹೆಸರು ಹಿಡಿದು. ನನ್ನನ್ನು ಯಾರೂ ನಂಬಲಾರರು ಎಂಬ ಭಯ ನನಗಿದೆ. ಸತ್ತ ಗಂಡ ರೇಡಿಯೋದಲ್ಲಿ ಮಾತಾಡಿದ ಎಂದರೆ ಚೌಡಕ್ಕ ದೃಷ್ಟಿ ತೆಗೆಯುತ್ತಾಳೆ. ಆದರೂ ಹೇಳುತ್ತೇನೆ.

ಇಂತಿ,
ಅನ್ನದಾನಮ್ಮ
(ಶಾಲೆಯ ದಾಖಲೆಯಲ್ಲಿ: ದಿವಂಗತ ತಿಪ್ಪಯ್ಯನವರ ಹೆಂಡತಿ)

ಮರೆತ ಮಾತು: ಲಕೋಟೆ ಅಂಟಿಸುವಾಗ ಚೌಡಕ್ಕ ಮಜ್ಜಿಗೆ ಹಿಡಿದು ಬಾಗಿಲಿಗೆ ಬಂದಿದ್ದಳು. ನಿನ್ನೆ ಆ ಎರಡನೆಯ ಸಾಲು ಏನೆಂದ, ನಿನಗೆ ಕೇಳಿಸಿತೇ ಎಂದು ಕೇಳಿದೆ. “ನಗೋದ್ರಾಗ ಯಾರಿಗೆ ಕೇಳ್ತೈತ್ರಿ?” ಎಂದಳು. ಹೊರಟವಳು ಹೊಸ್ತಿಲಲ್ಲಿ ತಿರುಗಿ ನಿಂತಳು. “ಅಲ್ರೀ ಟೀಚರಮ್ಮ, ವಾರ ವಾರ ಆ ಹುಡುಗಿ ಕಥಿನೇ ಹೇಳ್ತಾನ, ಆಕಿ ಮುಂದ ಏನಾದ್ಲು ಅಂತ ಒಂದ್ ದಿನಾನೂ ಹೇಳಿಲ್ಲ ನೋಡ್ರಿ. ಸತ್ತಿರ್ಬೇಕು ಪಾಪ. ಬದುಕಿದ್ರ ಹಿಂಗ ನಗಸ್ತಿದ್ನೇನ್ರಿ?”